ಎಂಟರಲ್ಲೊಂದು ಪಾಲು

ಕೊಟ್ಟ ಮಾತಿನ ಮೇಲೆ ಈ ಲೋಕ ನಿಂತಿದೆ. ನಿಂತಿದೆ ಎಂದದ್ದು ಗೌರವಕ್ಕೆ. ಕಾಶಿಯ ಶಿವಾಲದ ಹಳೆಯ ಮನೆಗಳ ಹಾಗೆ ಪಕ್ಕದ ಗೋಡೆಗೆ ಒರಗಿಕೊಂಡಿದೆ ಎಂದರೆ ಹೆಚ್ಚು ಸರಿಯಾದೀತು. ಸತ್ಯಕ್ಕಾಗಿ ಸುಡುಗಾಡು ಕಾದ ರಾಜನ ಹೆಸರಿನ ಘಾಟು ನಮ್ಮ ಮನೆಯಿಂದ ಕೂಗಳತೆಯಲ್ಲಿದೆ. ಅಲ್ಲಿಗೆ ಇಳಿಯುವ ಮೆಟ್ಟಿಲ ಬದಿಯಲ್ಲೇ ಒಬ್ಬ 'ಶುದ್ಧ ಹಾಲಿನ ಚಹಾ' ಎಂಬ ಬೋರ್ಡಿನ ಕೆಳಗೆ ಕೂತು ದಿನವಿಡೀ ಪುಡಿಹಾಲು ಕದಡುತ್ತಾನೆ. ರಾಜನಾಗಲಿ ಗಿರಾಕಿಗಳಾಗಲಿ ಈವರೆಗೆ ಆಕ್ಷೇಪಣೆ ಎತ್ತಿದ್ದಿಲ್ಲ.

ಭಟ್ಟರು ಮಾತ್ರ ಅಲ್ಲಿ ಚಹಾ ಕುಡಿಯುತ್ತಿರಲಿಲ್ಲ.

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಬೆರಳುಗಳು. ನಸುಕಿನಿಂದಲೇ ಕೇದಾರ ಘಾಟಿನಲ್ಲಿ ಎದೆಮಟ್ಟ ನೀರಿಗಿಳಿದು, ದಕ್ಷಿಣದಿಂದ ಬಂದ ಯಾತ್ರಿಕರನ್ನು ಮುಳುಗಿಸಿ ಎಬ್ಬಿಸಿ, ಬೆರಳ ತುದಿಗಳೆಲ್ಲ ನೆನೆಹಾಕಿದ ಕಡಲೆಯಂತೆ ಉಬ್ಬಿ, ಬಿಳಿಚಿ, ಗೆರೆಗೆರೆಯಾಗಿರುತ್ತಿದ್ದವು. ಬೆರಳಚ್ಚು ನೋಡಿ ತೆರೆದುಕೊಳ್ಳುವ ಅವರ ಫೋನು ಬೆಳಗಿನ ಹೊತ್ತು ಯಜಮಾನರನ್ನು ಗುರುತಿಸುತ್ತಲೇ ಇರಲಿಲ್ಲ. ಪಂಚೆಗೆ ಬೆರಳುಜ್ಜುತ್ತ ಮೆಟ್ಟಿಲ ಮೇಲೆ ಕೂತು, "ನಾನು ನಾನೇ ಅಂತ ಇದಕ್ಕೆ ಗೊತ್ತಾಗೋದು ಮಧ್ಯಾಹ್ನದ ಮೇಲೆ, ರಾಯರೇ" ಎನ್ನುತ್ತಿದ್ದರು.

ರಾಯರು ಎಂದರೆ ನಾನು. ಅವರ ಮನೆಯ ಮೇಲಿನ ಕೋಣೆಯ ಬಾಡಿಗೆದಾರ. ಇಲ್ಲಿನ ಒಂದು ಛಾಪಖಾನೆಯಲ್ಲಿ ಕನ್ನಡದ ಪಂಚಾಂಗ, ಸ್ತೋತ್ರದ ಪುಸ್ತಕಗಳ ಕರಡು ತಿದ್ದಲು ಬಂದವನು. ಛಾಪಖಾನೆ ಮುಚ್ಚಿತು, ನಾನು ಉಳಿದೆ. ಭಟ್ಟರದ್ದು ಹಾಗಲ್ಲ; ಅವರ ಮುತ್ತಾತನ ಕಾಲಕ್ಕೇ ಇಲ್ಲಿಗೆ ಬಂದ ಪೌರೋಹಿತ್ಯದ ಮನೆತನ. ಮದುವೆಯಾಗಿರಲಿಲ್ಲ. ಕೇಳಿದರೆ, "ಹೆಣ್ಣು ಕೊಡ್ತೀವಿ ಅಂತ ಊರಿಂದ ಬಂದೋರೆಲ್ಲ ಸ್ನಾನ ಮಾಡಿಸ್ಕೊಂಡು, ವಿಶ್ವನಾಥನ ದರ್ಶನ ಮುಗಿಸ್ಕೊಂಡು ಹೋಗ್ಬಿಟ್ರು. ಯಾತ್ರೆ ಅಂತೂ ಚೆನ್ನಾಗಿ ಆಯ್ತಂತೆ" ಎನ್ನುತ್ತಿದ್ದರು.

ಒಂದು ಕಾಲಕ್ಕೆ ನಮ್ಮ ಗಲ್ಲಿಯಲ್ಲಿ ಕನ್ನಡದಲ್ಲಿ ಜಗಳವಾಡುವಷ್ಟು ಜನರಿದ್ದರಂತೆ. ಈಗ ಆ ಮನೆಗಳ ಮಕ್ಕಳು ಅಜ್ಜಿಗೆ ಕೂಡ ಹಿಂದಿಯಲ್ಲೇ ಉತ್ತರ ಕೊಡುತ್ತವೆ. ಯಾತ್ರಿಕರು ಬಂದಾಗ ಭಟ್ಟರಿಗೆ ಮಂತ್ರ ಹೇಳಿಸುವ ಕೆಲಸವೇ ಹೊರತು ಮಾತಿಲ್ಲ. ಅವರಿಗೆ ಮುಂದಿನ ರೈಲು. ಉಳಿದವರು ನಾವಿಬ್ಬರು. ನಮ್ಮ ನಮ್ಮ ಕಥೆಗಳನ್ನು ಒಬ್ಬರಿಗೊಬ್ಬರು ಎಂದೋ ಹೇಳಿ ಮುಗಿಸಿದ್ದೆವು. ಸಂಜೆ ಅದೇ ಮೆಟ್ಟಿಲ ಮೇಲೆ ಕೂತರೆ "ಹೂಂ" ಎಂದು ಅವರು, "ಹೂಂ" ಎಂದು ನಾನು. ಅದನ್ನು ಕನ್ನಡ ಎಂದು ಕರೆಯಬಹುದೇ ಎಂಬುದು ಚರ್ಚೆಗೆ ಬಿಟ್ಟದ್ದು.

ಅವರಿಗೆ ಒಂದು ಮಾತಿತ್ತು: "ಹೇಳೋದು ಕಡಿಮೆ ಇರಲಿ. ಹೇಳಿದ ಮೇಲೆ ಕಡಿಮೆ ಆಗಬಾರದು." ತರಕಾರಿಯವನಿಗೂ ಹೇಳುತ್ತಿದ್ದರು, ದೋಣಿಯವನಿಗೂ ಹೇಳುತ್ತಿದ್ದರು. ಇದರ ಮೂಲ ಅವರ ವೃತ್ತಿಯಲ್ಲೇ ಇತ್ತು. ಗಂಗೆಗೆ ಬರಲಾಗದ ಮುದುಕರು, ಕಾಯಿಲೆಯವರು ಕೋರಿಕೊಂಡರೆ, ಅವರ ಹೆಸರಿನಲ್ಲಿ ದರ್ಭೆಯ ಹುಲ್ಲಿನಿಂದ ಬೆರಳುದ್ದದ ಗೊಂಬೆ ಕಟ್ಟಿ, ಸಂಕಲ್ಪ ಹೇಳಿ, ಅದನ್ನು ಹಿಡಿದು ನೀರಿನಲ್ಲಿ ಮುಳುಗಿಸುವ ಪದ್ಧತಿಯೊಂದು ಹಿಂದಿನಿಂದ ಇದೆ. ಹೀಗೆ ಮಾಡಿದರೆ ಊರಲ್ಲಿ ಕೂತವರಿಗೆ ಸಿಗುವುದು ಸ್ನಾನದ ಪುಣ್ಯದಲ್ಲಿ ಎಂಟರಲ್ಲೊಂದು ಪಾಲು. ಶಾಸ್ತ್ರ ಅದನ್ನು ಮುಚ್ಚಿಟ್ಟಿಲ್ಲ. ಭಟ್ಟರೂ ಮುಚ್ಚಿಡುತ್ತಿರಲಿಲ್ಲ.

"ಬರೀ ಎಂಟರಲ್ಲೊಂದಾ?" ಎಂದು ಆ ಕಡೆಯಿಂದ ಮುಖ ಸಿಂಡರಿಸಿದ ದನಿ ಬರುತ್ತಿತ್ತು.

"ಹೌದಪ್ಪ. ಗೊಂಬೆಗೆ ಕಣ್ಣಿಲ್ಲ ಕಿವಿಯಿಲ್ಲ. ಅಷ್ಟೇ ಬರೋದು."

ಜನ ಪಕ್ಕದ ಘಾಟಿನ ಮರಿಭಟ್ಟರ ಕಡೆ ಹೋಗುತ್ತಿದ್ದರು. ಮರಿಭಟ್ಟರು ಇವರ ಶಿಷ್ಯರೇ. ಇವರನ್ನು ಕಾಕಾ ಎನ್ನುತ್ತಿದ್ದರು. ಅವರ ವಿಸಿಟಿಂಗ್ ಕಾರ್ಡಿನಲ್ಲಿ 'ಪೂರ್ಣಫಲ' ಎಂದು ಮೂರು ಭಾಷೆಗಳಲ್ಲಿ ಅಚ್ಚಾಗಿತ್ತು.

ಟೀಚರಮ್ಮ ಮಾತ್ರ ಹಾಗೆ ಹೋಗಲಿಲ್ಲ. ಆಕೆ ರಾಣೆಬೆನ್ನೂರಿನ ಕಡೆಯವರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಗಂಡನ ಅಸ್ಥಿಯನ್ನು ಕಾಶಿಗೆ ತಂದವನು ಮೈದುನನ ಮಗ. ಆಕೆಗೆ ಮೊಣಕಾಲಿನಿಂದಾಗಿ ಹೊಸಿಲು ದಾಟುವುದೇ ಪ್ರಯಾಸ. ಅಂದು ಫೋನಿನಲ್ಲಿ ಎಲ್ಲವನ್ನೂ ನೋಡಿ, ಕೊನೆಗೆ ಭಟ್ಟರನ್ನು ಕೇಳಿದರು: "ನನಗೂ ಅಮಾಸಿಗೊಮ್ಮೆ ಮುಳುಗೂದದ ರೀ. ಏನರ ದಾರಿ ಐತೇನು?" ಭಟ್ಟರು ಗೊಂಬೆಯ ವಿಚಾರ, ಪಾಲಿನ ವಿಚಾರ ಹೇಳಿದರು. "ಎಂಟನೇ ಒಂದು ಅಂದ್ರ ಹನ್ನೆರಡೂವರೆ ಪರ್ಸೆಂಟು. ಫೇಲು. ಆದ್ರೂ ಇರ್ಲಿ, ಶುರು ಮಾಡ್ರಿ" ಎಂದರು ಆಕೆ. ಅಂದು ಸಂಜೆ ಭಟ್ಟರು ಒಬ್ಬರೇ ನಗುತ್ತ ಅಕ್ಕಿ ಆರಿಸುತ್ತಿದ್ದುದನ್ನು ನಾನು ನೋಡಿದೆ. ಅವರು ಒಬ್ಬರೇ ನಕ್ಕದ್ದು ನನಗೆ ಅದೇ ಮೊದಲು ಕಂಡದ್ದು.

ಹೀಗೆ ಅಮಾವಾಸ್ಯೆಗೊಮ್ಮೆ ಗೊಂಬೆ ಮುಳುಗುತ್ತಿತ್ತು. ಮುಳುಗಿದ ಮೇಲೆ ಮಾತು. "ಸಬ್ಜಿ ಅನ್ನಬ್ಯಾಡ್ರಿ ಭಟ್ರ, ಕಾಯಿಪಲ್ಯ ಅನ್ರಿ" ಎಂದು ಆಕೆ ಇವರ ಕಾಶೀಕನ್ನಡ ತಿದ್ದುತ್ತಿದ್ದರು. ಇವರು ಹೊಳೆಯ ನೀರು ಯಾವ ಮೆಟ್ಟಿಲಿಗೆ ಬಂದಿದೆ ಎಂದು ವರದಿ ಒಪ್ಪಿಸುತ್ತಿದ್ದರು. ಅಲ್ಲಿ ರೊಟ್ಟಿ ಬಡಿಯುವ ಸದ್ದು, ಇಲ್ಲಿ ಕೇದಾರೇಶ್ವರನ ಗಂಟೆ. ಒಮ್ಮೊಮ್ಮೆ ಆಕೆ ಒಲೆಯ ಕಡೆ ಹೋದರೆ ಇವರು ಫೋನು ಹಿಡಿದು ಸುಮ್ಮನೆ ಆಕೆಯ ಗೋಡೆ ನೋಡುತ್ತ ಕೂತಿರುತ್ತಿದ್ದರು. ಬೋಡ ಗೋಡೆ, ಒಂದು ಕ್ಯಾಲೆಂಡರ್ ಕೂಡ ಇಲ್ಲ. ಅದನ್ನು ಅಷ್ಟು ಹೊತ್ತು ನೋಡುವವರನ್ನು ನಾನು ಬೇರೆ ಕಂಡಿಲ್ಲ.

ಆಗ ಬಂತು ನೀರಿನಲ್ಲಿ ಮುಳುಗುವ ಫೋನು.

ಇಲ್ಲಿನ ಲಂಕಾ ಎಂಬ ಬಡಾವಣೆಯ ಮಾರುಕಟ್ಟೆಯಲ್ಲಿ, ಕೋಚಿಂಗ್ ಸೆಂಟರುಗಳ ನಡುವೆ, ಮೊಬೈಲ್ ಅಂಗಡಿಯವನು ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಬಿಟ್ಟು, ಅವುಗಳ ಜೊತೆ ಫೋನನ್ನೂ ಬಿಟ್ಟಿದ್ದ. ಫೋನು ತಳದಲ್ಲಿ ಮಲಗಿಕೊಂಡು ಹಾಡುತ್ತಿತ್ತು. ನನ್ನ ಕನ್ನಡಕ ಕೊಳ್ಳಲು ಹೋಗಿದ್ದೆವು. ಕನ್ನಡಕ ಅಲ್ಲೇ ಉಳಿಯಿತು. ಭಟ್ಟರು ತೊಟ್ಟಿಯ ಮುಂದೆ ನಿಂತೇಬಿಟ್ಟರು.

"ಗಂಗಾಜೀ ಮೇ ಚಲೇಗಾ?"

"ಅರೇ ಗುರೂ, ಸಮುಂದರ್ ಮೇ ಚಲೇಗಾ!" ಗಂಗೆಯೇನು, ಸಮುದ್ರದಲ್ಲೂ ನಡೆದೀತು ಎಂದು ಅಂಗಡಿಯವನು ಡಬ್ಬಿ ತಿರುಗಿಸಿ ತೋರಿಸಿದ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಸ್ಪಷ್ಟವಾಗಿ ಅಚ್ಚಾಗಿತ್ತು: ಈ ಫೋನನ್ನು ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಬಹುದು. ಕೆಳಗೆ ಒಂದು ಜಲಪಾತದ ಚಿತ್ರ. ನಾನು ಅಭ್ಯಾಸಬಲದಿಂದ ಅಕ್ಷರದೋಷ ಹುಡುಕಿದೆ, ಇರಲಿಲ್ಲ. ಅಚ್ಚಾದದ್ದನ್ನು ನಂಬುವುದು ನಮ್ಮಿಬ್ಬರ ಸಮಾನ ದೌರ್ಬಲ್ಯ.

ಭಟ್ಟರ ತರ್ಕ ಹೀಗಿತ್ತು. ಗೊಂಬೆಗೆ ಕಣ್ಣು ಕಿವಿಯಿಲ್ಲ, ಆದ್ದರಿಂದ ಎಂಟರಲ್ಲೊಂದು. ಆದರೆ ಕರೆಯಲ್ಲಿರುವಾಗಲೇ ಫೋನು ಮುಳುಗಿದರೆ ಟೀಚರಮ್ಮನೇ ಮುಳುಗಿದ ಹಾಗೆ. ಮಂತ್ರ ಆಕೆಯ ಕಿವಿಗೆ, ಗಂಗೆ ಆಕೆಯ ಕಣ್ಣಿಗೆ. ಹೀಗಿರುವಾಗ ಪೂರ್ತಿ ಫಲ ಯಾಕೆ ಬರಬಾರದು? ಹದಿನೈದು ದಿನ ಯೋಚಿಸಿದರು, ಹಳೆಯ ಗ್ರಂಥಗಳನ್ನೂ ತೆಗೆದು ನೋಡಿದರು. ಗ್ರಂಥಕರ್ತರು ಈ ಮಾಡೆಲ್ ಕಂಡಿರಲಿಲ್ಲವಾದ್ದರಿಂದ ವಿರೋಧವೂ ಸಿಗಲಿಲ್ಲ. ಕೊನೆಗೆ ಟೀಚರಮ್ಮನಿಗೆ ಹೇಳಿದರು: "ಇನ್ನು ಮೇಲೆ ಪೂರ್ತಿ."

"ನೂರಕ್ಕ ನೂರಾ?"

"ನೂರಕ್ಕೆ ನೂರು."

"ಜೀವಮಾನದಾಗ ನಾ ಯಾರಿಗೂ ನೂರಕ್ಕ ನೂರು ಕೊಟ್ಟಿಲ್ರೀ ಭಟ್ರ" ಎಂದ ಆಕೆಯ ದನಿ ಸ್ವಲ್ಪ ಒದ್ದೆಯಾಗಿತ್ತು.

ಅಲ್ಲಿಂದ ಮುಂದಿನ ಕೆಲವು ಅಮಾವಾಸ್ಯೆಗಳು ಅವರ ಜೀವನದ ಒಳ್ಳೆಯ ದಿನಗಳು. ಎರಡೂ ಕೈಯಲ್ಲಿ ಫೋನು ಎತ್ತಿ ಹಿಡಿದು, ಸಂಕಲ್ಪದಲ್ಲಿ ಆಕೆಯ ಹೆಸರು ಹೇಳಿ, ಕಣ್ಣುಮುಚ್ಚಿ ಫೋನಿನ ಸಮೇತ ಮುಳುಗುತ್ತಿದ್ದರು. ಅದೇ ಗಳಿಗೆಗೆ ರಾಣೆಬೆನ್ನೂರಿನ ಬಚ್ಚಲಲ್ಲಿ ಟೀಚರಮ್ಮ ಕುರ್ಚಿಯ ಮೇಲೆ ಕೂತು, ಕಣ್ಣುಮುಚ್ಚಿ, ತಲೆಯ ಮೇಲೆ ತಂಬಿಗೆ ನೀರು ಸುರಿದುಕೊಳ್ಳುತ್ತಿದ್ದರು. ಇವರು ಎದ್ದು ಉಸಿರು ಬಿಟ್ಟು ಕಣ್ಣು ತೆರೆಯುವ ಹೊತ್ತಿಗೆ ಆಕೆಯ ಒದ್ದೆ ಮುಖ ಪರದೆಯಲ್ಲಿ. "ಆತೇನ್ರೀ?" "ಆಯ್ತು ತಾಯಿ."

ಒಂದು ಅಮಾವಾಸ್ಯೆ ಇವರು ಎದ್ದರು, ಪರದೆ ಏಳಲಿಲ್ಲ.

ಸರ್ವಿಸ್ ಸೆಂಟರಿಗೆ ನಾನೂ ಹೋಗಿದ್ದೆ. ಕೌಂಟರಿನ ಹುಡುಗಿ ಮರ್ಯಾದಸ್ಥೆ. ಫೋನು ಬಿಚ್ಚಿ ನೋಡಿ, "ಪಾನಿ ಘುಸ್ ಗಯಾ ಹೈ ಪಂಡಿತ್ ಜೀ. ವಾರಂಟೀ ಮೇ ನಹೀಂ ಆಯೇಗಾ" ಎಂದಳು. ನೀರು ಹೊಕ್ಕಿದೆ, ವಾರಂಟಿ ಇಲ್ಲ. ಭಟ್ಟರು ಚೀಲದಿಂದ ಡಬ್ಬಿ ತೆಗೆದು ಅರ್ಧ ಗಂಟೆಯ ಸಾಲಿನ ಮೇಲೆ ಬೆರಳಿಟ್ಟರು. ಹುಡುಗಿ ತನ್ನ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದಳು. ಕಂಪನಿಯ ಪುಟದಲ್ಲಿ ಅದೇ ಫೋನು, ಅದೇ ಬಣ್ಣ. ಜಲಪಾತ ಮಾತ್ರ ಇರಲಿಲ್ಲ. 'ಹನಿ ಮತ್ತು ತುಂತುರಿನಿಂದ ರಕ್ಷಣೆ' ಎಂದಿತ್ತು.

"ಡಬ್ಬಾ ಪುರಾನಾ ಹೈ," ಡಬ್ಬಿ ಹಳೆಯದು, ಎಂದಳು ಅವಳು ಸಮಾಧಾನದಿಂದ. "ವೆಬ್‌ಸೈಟ್ ಲೇಟೆಸ್ಟ್ ಹೈ."

ಫೋನು ಮಾರುಕಟ್ಟೆಗೆ ಬಂದ ಮೇಲೆ ಕಂಪನಿ ತನ್ನ ಮಾತನ್ನು ತಿದ್ದಿಕೊಂಡಿತ್ತು. ಕೊಂಡವರಿಗೆ ಹೇಳಿರಲಿಲ್ಲ. ಯಾವತ್ತು ತಿದ್ದಿದ್ದು ಎಂದು ಪುಟದಲ್ಲಿ ದಿನಾಂಕವೂ ಇರಲಿಲ್ಲ. ನಾವು ಪಂಚಾಂಗದಲ್ಲಿ ಒಂದು ತಿಥಿ ತಪ್ಪಿದರೆ ತಿದ್ದುಪಡಿಯ ಒಪ್ಪೋಲೆ ಅಂಟಿಸಿ, ಓದುಗರ ಕ್ಷಮೆ ಕೇಳಿ, ಮೂರು ದಿನ ಮಾಲೀಕನ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆವು. ಭಟ್ಟರು ಹುಡುಗಿಯ ಮೇಲೆ ರೇಗಲಿಲ್ಲ. "ಬೇಟೀ, ನಾನು ಡಬ್ಬಿ ನೋಡಿ ಕೊಂಡೆನೋ ವೆಬ್‌ಸೈಟ್ ನೋಡಿಯೋ?" ಎಂದು ಹಿಂದಿಯಲ್ಲಿ ಕೇಳಿದರು, ಅಷ್ಟೇ.

ಹುಡುಗಿಗೆ ಕನಿಕರ ಬಂದಿರಬೇಕು. ಅಷ್ಟಕ್ಕೂ ಫೋನನ್ನು ನೀರಿನಲ್ಲಿ ಮುಳುಗಿಸುವುದೇಕೆ ಎಂದು ವಿಚಾರಿಸಿದಳು. ಭಟ್ಟರು ಪೂರ್ತಿ ವಿವರಿಸಿದರು. ಅವಳು ಗಲ್ಲಕ್ಕೆ ಪೆನ್ನು ಒತ್ತಿಕೊಂಡು ಕೇಳಿ, ಮೆಲ್ಲಗೆ, "ಪಾನೀ ಕೇ ಅಂದರ್ ತೋ ನೆಟ್‌ವರ್ಕ್ ಹೀ ನಹೀಂ ಜಾತಾ, ಪಂಡಿತ್ ಜೀ" ಎಂದಳು. ನೀರಿನೊಳಗೆ ನೆಟ್‌ವರ್ಕ್ ಹೋಗುವುದಿಲ್ಲ. ಮುಳುಗಿದ ಕೂಡಲೇ ಮಾತು, ಚಿತ್ರ ಎರಡೂ ನಿಲ್ಲುತ್ತವೆ. ಮೇಲೆ ಬಂದಮೇಲೆ ತಾನಾಗಿ ಕೂಡಿಕೊಳ್ಳುತ್ತದೆ. ಇಬ್ಬರೂ ಕಣ್ಣು ಮುಚ್ಚಿರುತ್ತಿದ್ದರಿಂದ ಇಬ್ಬರಿಗೂ ಇದು ತಿಳಿದಿರಲಿಲ್ಲ.

ವಾಪಸು ಬರುವಾಗ ಇ-ರಿಕ್ಷಾದಲ್ಲಿ ಭಟ್ಟರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸೋನಾರಪುರದ ತಿರುವಿನಲ್ಲಿ ಹೇಳಿದರು: "ಹಾಗಾದ್ರೆ ರಾಯರೇ, ಇಷ್ಟು ಅಮಾವಾಸ್ಯೆ ನಾನು ಮುಳುಗಿಸಿದ್ದು ಫೋನನ್ನ. ಅದರಲ್ಲಿ ಆಯಮ್ಮ ಇರಲೇ ಇಲ್ಲ."

ನಾನು ಕಂಪನಿಗೆ ದೀರ್ಘವಾದ ದೂರು ಬರೆದೆ. ಉತ್ತರ ಬಂತು: ನಮ್ಮ ಉತ್ಪನ್ನಗಳ ಮಾಹಿತಿಯ ನಿಖರತೆಯನ್ನು ನಾವು ನಿರಂತರವಾಗಿ ಉತ್ತಮಪಡಿಸುತ್ತಿರುತ್ತೇವೆ, ನಿಮ್ಮ ವಿಶ್ವಾಸವೇ ನಮ್ಮ ಆಸ್ತಿ, ಈ ಸಂಭಾಷಣೆಗೆ ಎಷ್ಟು ನಕ್ಷತ್ರ ಕೊಡುವಿರಿ? ಓದಿ ಹೇಳಿದೆ. ಭಟ್ಟರು ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ತಪ್ಪು ನಾವೂ ಮಾಡ್ತೀವಿ ರಾಯರೇ. ಅದಕ್ಕೇ ಪೂಜೆ ಮುಗಿದ ಮೇಲೆ ಮಂತ್ರ ತಪ್ಪಿದ್ರೆ, ಕ್ರಿಯೆ ತಪ್ಪಿದ್ರೆ ಕ್ಷಮಿಸು ಅಂತ ಹೇಳೋದು. ಗಟ್ಟಿಯಾಗಿ ಹೇಳ್ತೀವಿ, ಪೂಜೆ ಮಾಡಿಸೋ ಯಜಮಾನ ಎದುರಿಗೆ ಕೂತಿರುವಾಗ. ಅವನು ಎದ್ದು ರೈಲು ಹತ್ತಿದ ಮೇಲೆ ಗೋಡೆಗೆ ಹೇಳೋದಲ್ಲ." ಆಮೇಲೆ ನನ್ನ ಕಡೆ ನೋಡದೆ ಅಂದರು: "ನಾನೂ ಹೇಳ್ಬೇಕಲ್ಲ ಈಗ."

ಇದು ಮರಿಭಟ್ಟರ ಕಿವಿಗೆ ಬಿದ್ದು ಅವರು ಓಡಿ ಬಂದರು. "ಪಾಗಲ್ ಆಗಿದೀರಾ ಕಾಕಾ? ಯಾಕೆ ಹೇಳ್ಬೇಕು? ಮಾಜೀ ಖುಷಿಯಾಗಿದಾರೆ, ನೀವು ಖುಷಿಯಾಗಿದೀರಿ. ಗಂಗಾಜೀ ಏನಾದ್ರೂ ಶಿಕಾಯತ್ ಮಾಡಿದಾಳಾ?"

"ಇಲ್ಲ. ಅವಳು ಯಾರ ಮೇಲೆ ದೂರು ಹೇಳಿದಾಳೆ?"

"ಮತ್ತೆ?"

"ನೂರಕ್ಕೆ ನೂರು ಅಂದಿದೀನಿ ಕಣೋ."

ಮರಿಭಟ್ಟರು ನನ್ನ ಕಡೆ ತಿರುಗಿ, ನೀವಾದರೂ ಹೇಳಿ ಎಂಬಂತೆ ಕೈ ಬಿಚ್ಚಿದರು. ಹೇಳಬಹುದಿತ್ತು. ಆ ಕರೆ ನಿಂತರೆ ಈ ಮನುಷ್ಯನಿಗೆ ಉಳಿಯುವುದು ನನ್ನ "ಹೂಂ" ಒಂದೇ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಅವರನ್ನು ಬಿಟ್ಟರೆ. ಅವರಿಗೆ ಗೊತ್ತಿದ್ದೂ ಹೊರಟಿದ್ದರಿಂದ ನಾನು ನನ್ನ ಫೋನು ಕೊಟ್ಟೆ.

ಟೀಚರಮ್ಮ ಮೊದಲು ಗದರಿದರು. "ಎಲ್ಲಿ ಹೋಗಿದ್ರಿ? ಅವತ್ತು ನಡುವ ಕಟ್ಟಾತು, ನಾ ತಲಿ ಒರಸಿಕೊಳ್ಳದ ಕುಂತೇನಿ!" ಭಟ್ಟರು ನಗಲಿಲ್ಲ. ಡಬ್ಬಿಯ ಮಾತು, ವೆಬ್‌ಸೈಟಿನ ಮಾತು, ಕೊನೆಗೆ ನೆಟ್‌ವರ್ಕಿನ ಮಾತು, ಒಂದೂ ಬಿಡದೆ ಹೇಳಿದರು. "ಸಂಕಲ್ಪ ಆಗಿದೆ ತಾಯಿ. ಸ್ನಾನ ಆಗಿಲ್ಲ. ಎರಡೂ ಒಂದೇ ಅಂತ ಹೇಳಿದ್ದು ನಾನು. ಗೊಂಬೆಯಾದ್ರೂ ಇದ್ದಿದ್ರೆ ಎಂಟರಲ್ಲೊಂದು ಬರ್ತಿತ್ತು. ಅದನ್ನೂ ಬಿಡಿಸಿದೆ."

ಆ ಕಡೆ ಬಹಳ ಹೊತ್ತು ಬೋಡ ಗೋಡೆ. ಆಕೆ ಫೋನನ್ನು ಮಡಿಲಿಗಿಟ್ಟುಕೊಂಡಿರಬೇಕು.

"ಅಲ್ರೀ ಭಟ್ರ," ಎಂದರು ಕೊನೆಗೆ, ಮಕ್ಕಳಿಗೆ ಲೆಕ್ಕ ಬಿಡಿಸಿಕೊಡುವ ದನಿಯಲ್ಲಿ, "ಹಂಗಾದ್ರ ಗೊಂಬಿ ಎಂಟು ಸಲ ಮುಳುಗಿಸ್ರಿ. ಎಂಟು ಎಂಟನೇ ಒಂದು ಅಂದ್ರ ಒಂದು. ಪೂರ್ತಿ ಆತಲ್ಲ?"

ಇಲ್ಲಿ ಬೇಕಾಗಿದ್ದದ್ದು ಒಂದು "ಹೌದು". ಆಕೆ ತಾವಾಗಿಯೇ ಬಾಗಿಲು ತೆರೆದು ನಿಂತಿದ್ದರು. ಭಟ್ಟರು ಉಬ್ಬಿದ ಬೆರಳುಗಳಿಂದ ಫೋನಿನ ಅಂಚನ್ನು ಒತ್ತಿ ಹಿಡಿದುಕೊಂಡರು.

"ಹಾಗೆ ಕೂಡಿಸಕ್ಕೆ ಬರಲ್ಲ ಟೀಚರಮ್ಮ. ಎಷ್ಟು ಸಲ ಮುಳುಗಿದ್ರೂ ಗೊಂಬೆಗೆ ಅಷ್ಟೇ."

"ಯಾರ ಹೇಳ್ಯಾರ ಬರಾಂಗಿಲ್ಲ ಅಂತ?"

"ಬರತ್ತೆ ಅಂತಲೂ ಯಾರೂ ಹೇಳಿಲ್ಲ ತಾಯಿ. ಇನ್ನೊಂದು ಸಲ ನನ್ನ ಮನಸ್ಸಿಗೆ ತೋಚಿದ್ದು ಹೇಳಲಾರೆ."

"ಇಡ್ತೀನ್ರೀ" ಎಂದು ಆಕೆ ಇಟ್ಟುಬಿಟ್ಟರು.

ಅದೇ ಸಿಮ್ಮನ್ನು ಭಟ್ಟರು ಗುಂಡಿ ಒತ್ತುವ ಒಂದು ಹಳೆಯ ಫೋನಿಗೆ ಹಾಕಿಕೊಂಡರು. ಮುಂದಿನ ಅಮಾವಾಸ್ಯೆ ಸ್ನಾನ ಮುಗಿಸಿ ಬಂದು, ಮಡಿಸಿದ ವಸ್ತ್ರದ ಮೇಲೆ ಅದನ್ನಿಟ್ಟು, ಹಿಂದೆ ಮಾತು ಎಷ್ಟು ಹೊತ್ತು ನಡೆಯುತ್ತಿತ್ತೋ ಅಷ್ಟು ಹೊತ್ತು ಪಕ್ಕದಲ್ಲಿ ಕೂತರು. ಆಮೇಲೆ ಎದ್ದು ಒಲೆ ಹಚ್ಚಿದರು. ಅದರ ಮುಂದಿನದಕ್ಕೂ ಹಾಗೆಯೇ. ತಾವಾಗಿ ಕರೆ ಮಾಡಲಿಲ್ಲ. ಕರೆಯುವವನು ಯಜಮಾನ, ಕರೆದರೆ ಹೋಗುವವನು ಪುರೋಹಿತ ಎಂಬ ಕ್ರಮವನ್ನು ಅವರು ಮುರಿಯುವವರಲ್ಲ.

ಒಂದು ದಿನ ಮರಿಭಟ್ಟರು ಬಂದು ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತರು. "ಕಾಕಾ, ಬುರಾ ಮತ್ ಮಾನಿಯೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಟೀಚರ್ ಜೀ ನಮ್ಮ ಕಡೆ ಬಂದಿದಾರೆ. ಪೂರ್ತಿ ಫಲದ್ದೇ ಬೇಕು ಅಂದ್ರು."

ಭಟ್ಟರು ದರ್ಭೆಯ ಕಟ್ಟು ಬಿಚ್ಚುತ್ತಿದ್ದರು. ಕೈ ನಿಲ್ಲಲಿಲ್ಲ. "ಮೊಣಕಾಲು ಹೇಗಿದೆಯಂತೆ?" ಎಂದು ಕೇಳಿದರು.

ಮರಿಭಟ್ಟರಿಗೆ ಗೊತ್ತಿರಲಿಲ್ಲ.

ಆ ದರ್ಭೆ ಯಾಕೆ ಎಂದು ನನಗೆ ತಿಳಿದದ್ದು ಮಾಘದ ಚಳಿಯಲ್ಲಿ, ಅವರಿಗೆ ಎದೆಯಲ್ಲಿ ಕಫ ಕಟ್ಟಿ, ಘಾಟಿಗೆ ಅವರನ್ನು ನಾನು ತೋಳು ಹಿಡಿದು ಇಳಿಸಬೇಕಾದಾಗ. ಅಮಾವಾಸ್ಯೆ. ಬೆರಳುದ್ದದ ಗೊಂಬೆ ಕಟ್ಟಿ ತಂದಿದ್ದರು. ಟೀಚರಮ್ಮನ ಹೆಸರು ಹೇಳಿ, ಒಂದೇ ಒಂದು ಸಲ ಮುಳುಗಿಸಿದರು. ಕರೆ ನಿಂತಾಗಿನಿಂದ ಒಂದು ಅಮಾವಾಸ್ಯೆಯನ್ನೂ ಬಿಟ್ಟಿರಲಿಲ್ಲ. ಆಕೆ ಕೇಳಿರಲಿಲ್ಲ, ಆಕೆಗೆ ಗೊತ್ತೂ ಇರಲಿಲ್ಲ. "ಹೇಳಬಾರದೇ?" ಎಂದೆ. "ಅವರು ಬೇಕು ಅಂದಿದ್ದು ಪೂರ್ತಿ, ರಾಯರೇ. ನನ್ನ ಹತ್ರ ಇರೋದು ಇಷ್ಟು" ಎಂದು ನಡುಗುತ್ತ ಮೆಟ್ಟಿಲು ಹತ್ತಿದರು.

ಮುಂದಿನ ಅಮಾವಾಸ್ಯೆಗೆ ಅವರು ಇರಲಿಲ್ಲ. ಕಾಶಿಯಲ್ಲಿ ಸತ್ತವರಿಗೆ ಪೂರ್ತಿ ಫಲ, ಅಲ್ಲಿ ಪಾಲಿನ ಲೆಕ್ಕವಿಲ್ಲ ಎಂದು ಶಾಸ್ತ್ರ ಹೇಳುತ್ತದೆ. ಆ ಸಾಲನ್ನು ಈವರೆಗೆ ಯಾರೂ ಸದ್ದಿಲ್ಲದೆ ತಿದ್ದಿಲ್ಲ ಎಂದು ನಂಬಿದ್ದೇನೆ. ಈಗ ಸಂಜೆ ಮೆಟ್ಟಿಲ ಮೇಲೆ ಒಬ್ಬನೇ ಕೂರುತ್ತೇನೆ. ಕನ್ನಡ ಮಾತಾಡುವುದು ನನ್ನೊಡನೆ ನಾನೇ; ಭಿನ್ನಾಭಿಪ್ರಾಯಗಳು ಕಡಿಮೆಯಾಗಿವೆ. ಏನನ್ನಾದರೂ ಬಣ್ಣ ಹಚ್ಚಿ ಹೇಳಿಕೊಳ್ಳಲು ಹೊರಟರೆ ಮಾತ್ರ ಆ ಬೆಳ್ಳಗಿನ ಬೆರಳುಗಳು ಕಾಣುತ್ತವೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಇದು ಅವರಿಂದ ನನಗೆ ಬಂದದ್ದು. ವಾಪಸು ಕೊಡುವ ದಾರಿ ತಿಳಿದಿಲ್ಲ.

ಟೀಚರಮ್ಮನ ನಂಬರು ನನ್ನ ಫೋನಿನಲ್ಲಿ ಉಳಿದಿತ್ತು. ಸಾವಿನ ಸುದ್ದಿ ಹೇಳಬೇಕೆಂದು ಕರೆ ಮಾಡಿದೆ. ಗೊಂಬೆಯ ವಿಚಾರವನ್ನೂ ಹೇಳಿದೆ.

"ಪ್ರತಿ ಅಮಾಸಿಗೂ?"

"ಪ್ರತಿ ಅಮಾವಾಸ್ಯೆಗೂ."

"ಎಷ್ಟು ಬಂದಿರ್ತದ ನನಗ?"

"ಎಂಟರಲ್ಲೊಂದು ಪಾಲು."

"ಭಾಳ ಬಿಗಿ ಕೈ ಇತ್ರೀ ಅವರದು" ಎಂದರು ಆಕೆ. ಬಹಳ ಹೊತ್ತಿನವರೆಗೆ ಫೋನು ಇಡಲಿಲ್ಲ. ಪರದೆಯಲ್ಲಿ ಆ ಗೋಡೆ ಕಾಣುತ್ತಿತ್ತು. ನಾನೂ ನೋಡುತ್ತ ಕೂತಿದ್ದೆ.

ಟೀಚರಮ್ಮ ಈಗಲೂ ಅಮಾವಾಸ್ಯೆಗೊಮ್ಮೆ ಮರಿಭಟ್ಟರ ಫೋನಿನಲ್ಲಿ ಮುಳುಗುತ್ತಾರೆ. ಆ ಫೋನು ನೀರು ತಡೆಯುವುದಿಲ್ಲ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಳುಗಿಸುತ್ತಾರೆ.